ಆಡು ಮುಟ್ಟದ ಸೊಪ್ಪು

ಕಳೆದ ಮಳೆಗಾಲದಲ್ಲಿ ಹಿಡಿದ ಕೆಮ್ಮು ಮೂರು ವಾರ ನನ್ನನ್ನು ಬಿಡಲಿಲ್ಲ. ಡಾಕ್ಟರ್ ಬರೆದುಕೊಟ್ಟ ಸಿರಪ್ ಮಂಚದ ಪಕ್ಕದಲ್ಲೇ ಇತ್ತು. ನಿದ್ದೆ ಬಾರದ ಒಂದು ರಾತ್ರಿ ಸುಮ್ನೆ ಆ ಬಾಟಲಿ ಎತ್ತಿಕೊಂಡು, ಅದರ ಮೇಲಿದ್ದ ಇರುವೆ ಸಾಲಿನಂಥ ಅಕ್ಷರಗಳನ್ನು ಓದುತ್ತಾ ಕೂತೆ. ಆಂಬ್ರೊಕ್ಸಾಲ್ ಅಂತ ಒಂದು ಹೆಸರು. ಇದು ಎಲ್ಲಿಂದ ಬಂತಪ್ಪಾ ಎಂದು ಫೋನಿನಲ್ಲಿ ಹುಡುಕಿದೆ.

ಬ್ರೋಮ್‌ಹೆಕ್ಸಿನ್ ಎಂಬ ಔಷಧ ಹೊಟ್ಟೆಗೆ ಹೋದ ಮೇಲೆ ನಮ್ಮ ಮೈಯಲ್ಲಿ ಆಂಬ್ರೊಕ್ಸಾಲ್ ಆಗುತ್ತದಂತೆ. ಅದನ್ನೇ ಆಮೇಲೆ ಬೇರೆ ಔಷಧವಾಗಿ ತಯಾರಿಸಿದರು. ಸರಿ, ಬ್ರೋಮ್‌ಹೆಕ್ಸಿನ್ ಎಲ್ಲಿಂದ ಬಂತು? 1960ರ ದಶಕದಲ್ಲಿ ಜರ್ಮನಿಯ ಕಂಪನಿಯೊಂದು ಅದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮಾದರಿಯಾಗಿದ್ದು ವ್ಯಾಸಿಸಿನ್ ಎಂಬ ವಸ್ತು. ವ್ಯಾಸಿಸಿನ್ ಇರುವುದು ಸಂಸ್ಕೃತದಲ್ಲಿ ವಾಸಾ ಎಂದು ಕರೆಯುವ ಗಿಡದ ಎಲೆಯಲ್ಲಿ. ವಾಸಾ ಅಂದರೆ ನಮ್ಮ ಆಡುಸೋಗೆ.

ಎದ್ದು ಕೂತುಬಿಟ್ಟೆ. ಆಡುಸೋಗೆ ನಮ್ಮ ಊರಿನ ಮನೆಯ ಬೇಲಿ. ಅಕ್ಷರಶಃ ಬೇಲಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಗಾದೆಯನ್ನು ಸುಳ್ಳು ಮಾಡುವ ಕಹಿ ಸೊಪ್ಪು ಇದು. ಆಡು, ದನ ಯಾವುದೂ ಬಾಯಿ ಹಾಕುವುದಿಲ್ಲ ಅಂತಲೇ ಅದನ್ನು ಬೇಲಿಗೆ ನೆಡುವುದು. ಕೆಲವು ಕಡೆ ಇದಕ್ಕೆ ಆಡು ಮುಟ್ಟದ ಸೊಪ್ಪು ಎಂದೇ ಹೆಸರು.

ಕೆಮ್ಮು ಅಂದರೆ ಸಾಕು, ಅಜ್ಜಿ ಆ ಬೇಲಿಯ ಕಡೆ ಹೋಗುತ್ತಿದ್ದಳು. ಎಲೆ ಹಸಿಯಾಗಿ ಹಿಂಡಿದರೆ ರಸ ಬರುವುದಿಲ್ಲ. ಎಷ್ಟು ಜಜ್ಜಿದರೂ ಕೈಗೆ ಹಸಿರು ಅಂಟುತ್ತದೆ ಅಷ್ಟೆ. ಅದಕ್ಕೆ ಅಜ್ಜಿ ಎಲೆಗಳನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಿಂದಲೇ ಕಟ್ಟಿ, ಒಲೆಯ ಬಿಸಿ ಬೂದಿಯೊಳಗೆ ಹೂತಿಡುತ್ತಿದ್ದಳು. ಹೊರಗಿನ ಬಾಳೆ ಎಲೆ ಕಪ್ಪಾಗಿ ಒಳಗಿನದು ಬೆಂದ ಮೇಲೆ ತೆಗೆದು ಬಟ್ಟೆಯಲ್ಲಿ ಹಿಂಡಿದರೆ, ಎರಡು ಚಮಚದಷ್ಟು ಕಡು ಹಸಿರು ರಸ. ಅದಕ್ಕೆ ಜೇನುತುಪ್ಪ, ಒಂದು ಚಿಟಿಕೆ ಹಿಪ್ಪಲಿ ಪುಡಿ. ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದಳು. ಬಸುರಿಯರಿಗೆ ಮಾತ್ರ ಕೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಕೊಡಬಾರದು, ಅಷ್ಟೆ" ಅನ್ನುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಆಯುರ್ವೇದ ಓದಿದ ಸ್ನೇಹಿತನೊಬ್ಬ ಹೇಳಿದ, ಇದಕ್ಕೆ ಪುಟಪಾಕ ಅಂತ ಹೆಸರು, ಶಾರ್ಙ್ಗಧರ ಸಂಹಿತೆ ಎಂಬ ಹಳೇ ಆಯುರ್ವೇದ ಗ್ರಂಥದಲ್ಲಿ ಇದೆ ಎಂದು. ಬಸುರಿಯರ ವಿಷಯವೂ ಸುಮ್ಮನೆ ಅಲ್ಲ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ ಎಂಬುದು ಜಮ್ಮುವಿನ ಪ್ರಯೋಗಾಲಯದಲ್ಲಿ ನಡೆದ ಕೆಲಸದಿಂದ ಗೊತ್ತಾಗಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಅತ್ತೆ ಹೇಳಿದ್ದನ್ನು ಅವಳು ಮಾಡಿದಳು.

ಆ ರಾತ್ರಿಯಿಂದ ನನಗೆ ಒಂದು ಚಾಳಿ ಅಂಟಿಕೊಂಡಿತು. ನಮ್ಮ ಮನೆಯ ಒಂದೊಂದು ಮದ್ದನ್ನೂ ಹಿಡಿದು, ಇದರ ಬಗ್ಗೆ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ ಎಂದು ಹುಡುಕುವುದು. ಹಳೇ ಡೈರಿಯೊಂದರಲ್ಲಿ ಬರೆದಿಟ್ಟುಕೊಳ್ಳುವುದು. ಶುರು ಮಾಡಿದಾಗ ಮನಸ್ಸಿನಲ್ಲಿ ಒಂದು ಹಮ್ಮು ಇತ್ತು. ನೋಡಿ, ನಮ್ಮ ಅಜ್ಜಿಯರಿಗೆ ಎಲ್ಲ ಗೊತ್ತಿತ್ತು ಎಂದು ಬರೆದು ಎಲ್ಲರಿಗೂ ಕಳಿಸಬೇಕು ಅಂತ. ಡೈರಿ ಅರ್ಧ ತುಂಬುವ ಹೊತ್ತಿಗೆ ಆ ಹಮ್ಮು ಇಳಿದಿತ್ತು. ಹಾಗಂತ ಎಲ್ಲ ಬೊಗಳೆ ಅನ್ನುವ ಕಡೆಗೂ ನಾನು ಹೋಗಲಿಲ್ಲ. ಹೋಗೋಕೆ ಆಗಲೂ ಇಲ್ಲ.

ಆ ಹಿಪ್ಪಲಿಯಿಂದಲೇ ಶುರು ಮಾಡುತ್ತೇನೆ. ಅಜ್ಜಿ ಅದನ್ನು ಯಾಕೆ ಹಾಕುತ್ತಿದ್ದಳು? ಕೆಮ್ಮಿಗೆ ಆಡುಸೋಗೆ ಇದೆಯಲ್ಲ, ಸಾಲದಾ?

ಆಯುರ್ವೇದದಲ್ಲಿ ತ್ರಿಕಟು ಅಂತ ಇದೆ. ಶುಂಠಿ, ಕಾಳುಮೆಣಸು, ಹಿಪ್ಪಲಿ, ಮೂರನ್ನೂ ಒಣಗಿಸಿ ಪುಡಿ ಮಾಡಿದ್ದು. ಎಷ್ಟೋ ಔಷಧಗಳಲ್ಲಿ ಇದು ಇರುತ್ತದೆ, ಎಲ್ಲ ಅಡುಗೆಗೂ ಒಗ್ಗರಣೆ ಇದ್ದ ಹಾಗೆ. ಜಮ್ಮುವಿನಲ್ಲಿದ್ದ ಸಿ.ಕೆ. ಅಟಲ್ ಎಂಬ ವಿಜ್ಞಾನಿಗೆ ಇದೇ ಪ್ರಶ್ನೆ ಬಂತು. ಅವರು ಮತ್ತು ಅವರ ಜೊತೆಯವರು 1981ರಲ್ಲಿ ಪ್ರಕಟಿಸಿದ ಕೆಲಸದ ಸಾರ ಇಷ್ಟು: ಹಿಪ್ಪಲಿ ಜೊತೆಗೆ ಕೊಟ್ಟಾಗ ವ್ಯಾಸಿಸಿನ್ ರಕ್ತದಲ್ಲಿ ಜಾಸ್ತಿ ಸೇರುತ್ತದೆ. ಅಂದರೆ ಹಿಪ್ಪಲಿ ಅಲ್ಲಿ ಬೇರೆ ಔಷಧದ ಬಾಗಿಲು ತೆಗೆಯುವ ಕೆಲಸವನ್ನೂ ಮಾಡುತ್ತಿದೆ. ಕಾರಣ ಪೈಪರಿನ್. ಹಿಪ್ಪಲಿಗೆ, ಕಾಳುಮೆಣಸಿಗೆ ಖಾರ ಕೊಡುವುದು ಇದೇ. ನಮ್ಮ ಕರುಳು, ಯಕೃತ್ತು ಹೊರಗಿನಿಂದ ಬಂದ ವಸ್ತುಗಳನ್ನು ಒಡೆದು ಆಚೆ ಹಾಕುತ್ತಲೇ ಇರುತ್ತವೆ. ಪೈಪರಿನ್ ಆ ಕೆಲಸವನ್ನು ಸ್ವಲ್ಪ ಹೊತ್ತು ತಡೆಯುತ್ತದೆ.

ಅರಿಶಿನದ ಕಥೆಯೂ ಇದೇ ದಾರಿಯದು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ಕರ್ಕ್ಯುಮಿನ್ ಅಂದರೆ ಅರಿಶಿನದ ಹಳದಿ. ರಕ್ತದಲ್ಲಿ ಅದು ಸಿಕ್ಕಿದ್ದು ಇದ್ದೂ ಇಲ್ಲದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಅದು ಶೇ. 2000ರಷ್ಟು ಏರಿತು. ಇವತ್ತು ಪ್ರಪಂಚದಲ್ಲಿ ಮಾರುವ ಬಹಳಷ್ಟು ಅರಿಶಿನದ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಇರುವುದು ಯಾಕೆ ಎಂದು ಹುಡುಕುತ್ತಾ ಹೋದರೆ, ಸಾಮಾನ್ಯವಾಗಿ ಈ ಪ್ರಯೋಗಕ್ಕೇ ಬಂದು ನಿಲ್ಲುತ್ತೀರಿ.

ಇಲ್ಲಿ ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಹಾಗಾದರೆ 2 ಗ್ರಾಂ ಕರ್ಕ್ಯುಮಿನ್‌ಗೆ ಅರಿಶಿನ ಎಷ್ಟು ಬೇಕು? 65 ಗ್ರಾಂ ಮೇಲೆ. ಅರಿಶಿನದ ಹಾಲಿಗೆ ನಾವು ಹಾಕುವುದು ಅರ್ಧ ಚಮಚ. ಎಲ್ಲಿಯ ಲೆಕ್ಕ ಎಲ್ಲಿಯದು! ಇನ್ನು ಪೈಪರಿನ್. ಕಾಳುಮೆಣಸಿನಲ್ಲಿ ಅದು ಶೇ. 5ರ ಆಸುಪಾಸು ಇರುತ್ತದೆ. 20 ಮಿಲಿಗ್ರಾಂ ಬೇಕೆಂದರೆ ಹತ್ತು ಕಾಳಿನ ಹತ್ತಿರ ಬೇಕು. ಅಷ್ಟನ್ನು ನಾವು ಸಾರಿಗೆ ದಿನವೂ ಹಾಕುತ್ತೇವೆ. ಅಂದರೆ ಮೆಣಸು ಅಡುಗೆಮನೆಯ ಅಳತೆಯಲ್ಲೇ ಕೆಲಸ ಮಾಡಬಹುದು. ಅರಿಶಿನ ಆ ಪ್ರಯೋಗದ ಅಳತೆಗೆ ಬರಬೇಕಾದರೆ ಹಾಲಿನ ಬದಲು ಅರಿಶಿನದ ಗೊಜ್ಜನ್ನೇ ಕುಡಿಯಬೇಕು.

ರಕ್ತಕ್ಕೆ ಸೇರಿದರೂ ಕರ್ಕ್ಯುಮಿನ್ ಏನು ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರು ಅದರ ಮೇಲಿನ ಕೆಲಸವನ್ನೆಲ್ಲ ಗುಡ್ಡೆ ಹಾಕಿ ನೋಡಿ ತಣ್ಣೀರು ಎರಚಿದರು. ಅದು ಬೇಗ ಒಡೆದುಹೋಗುತ್ತದೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಏನೂ ಮಾಡದೆಯೇ ಮಾಡಿದಂತೆ ತೋರಿಸಿ ಮೋಸ ಮಾಡುತ್ತದೆ ಎಂಬುದು ಅವರ ಮಾತು. ಅರಿಶಿನದ ಅಭಿಮಾನಿಗಳಿಗೆ ಇದು ಇಷ್ಟವಾಗಲಿಲ್ಲ. ನನಗೂ ಆಗಲಿಲ್ಲ, ನಿಜ ಹೇಳಬೇಕೆಂದರೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಪೀಳಿಗೆ ಆ ಸುದ್ದಿ ಓದಿ ಬೆಳೆದದ್ದು. ಆದರೆ ಇದು ನಮ್ಮದು ಅನ್ನುವುದು ಒಂದು ಮಾತು, ಇದು ಕೆಲಸ ಮಾಡುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಗೆದ್ದರೆ ಎರಡನೆಯದೂ ಗೆದ್ದ ಹಾಗೆ ನಾವು ಅಂದುಕೊಂಡುಬಿಟ್ಟೆವು.

ಮೆಣಸಿನ ವಿಷಯ ಬಿಡುವ ಮುಂಚೆ ಇನ್ನೊಂದು ಮಾತು. ತೆರೆದ ಬಾಗಿಲಿಗೆ ನೆಂಟರು ಯಾರು, ಕಳ್ಳರು ಯಾರು ಗೊತ್ತಾಗುವುದಿಲ್ಲ. ಪೈಪರಿನ್ ಜೊತೆಗೆ ಕೊಟ್ಟಾಗ ಫಿಟ್ಸ್‌ಗೆ ಕೊಡುವ ಫೆನಿಟೊಯಿನ್, ಬಿ.ಪಿ.ಗೆ ಕೊಡುವ ಪ್ರೊಪ್ರನಾಲೋಲ್ ಕೂಡ ರಕ್ತದಲ್ಲಿ ಏರುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಸಾರಿನ ಮೆಣಸಿಗೆ ಹೆದರಬೇಕಿಲ್ಲ. ದಿನಕ್ಕೆರಡು ಸಲ ಚಮಚಗಟ್ಟಲೆ ತ್ರಿಕಟು ತಿನ್ನುವವರು ಡಾಕ್ಟರಿಗೆ ಒಂದು ಮಾತು ಹೇಳಬೇಕು. ಯಾರೂ ಹೇಳುವುದಿಲ್ಲ. ಅದಕ್ಕೇ ಚಿಕ್ಕಪ್ಪನ ಕಥೆ ಬರೆಯಬೇಕು.

ಕೊರೊನಾ ಎರಡನೇ ಅಲೆಯ ಹೊತ್ತು. ಎಲ್ಲರ ಮನೆಯಲ್ಲೂ ಕಷಾಯ ಕುದಿಯುತ್ತಿತ್ತು, ನೆನಪಿದೆ ಅಲ್ವಾ? ನಮ್ಮ ಚಿಕ್ಕಪ್ಪ ಅಮೃತಬಳ್ಳಿ ಹಿಡಿದುಕೊಂಡರು. ಹಿತ್ತಲಿನ ಮಾವಿನ ಮರಕ್ಕೆ ಹಬ್ಬಿತ್ತು. ದಿನಾ ಬೆಳಿಗ್ಗೆ ಗೇಣುದ್ದದ ಕಾಂಡ ಜಜ್ಜಿ, ನೀರಲ್ಲಿ ಕುದಿಸಿ, ಖಾಲಿ ಹೊಟ್ಟೆಗೆ ಒಂದು ಲೋಟ. ಒಂದೆರಡು ವಾರ ಅಲ್ಲ, ಐದು ತಿಂಗಳು. ಕೊರೊನಾ ಬರಲಿಲ್ಲ. ಬಂದದ್ದು ಮೈ ತುರಿಕೆ. ಆಮೇಲೆ ಊಟ ಸೇರದಾಯಿತು, ಮೂತ್ರ ಕಡು ಹಳದಿ, ಕಣ್ಣೂ ಹಳದಿ. ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಕೃತ್ತಿನ ಪರೀಕ್ಷೆಯ ಅಂಕಿಗಳು ಎಲ್ಲೋ ಇದ್ದವು. ವೈರಸ್‌ನ ಪರೀಕ್ಷೆಗಳಲ್ಲಿ ಏನೂ ಇಲ್ಲ. ಕುಡಿತದ ಅಭ್ಯಾಸ ಇಲ್ಲ.

ಡಾಕ್ಟರ್ ಕೇಳಿದರು, "ಬೇರೆ ಏನಾದ್ರೂ ಔಷಧ ತಗೊಳ್ತಿದ್ರಾ?"

"ಇಲ್ಲ ಸಾರ್, ಬಿ.ಪಿ. ಮಾತ್ರೆ ಒಂದು ಬಿಟ್ರೆ ಏನೂ ಇಲ್ಲ."

ಸುಳ್ಳು ಹೇಳಿದ್ದಲ್ಲ. ಅವರ ಮನಸ್ಸಿನಲ್ಲಿ ಅದು ಔಷಧವೇ ಅಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹೀಗೂ ನಿಜವಾಗಬಹುದು ಎಂದು ನನಗೆ ಆವತ್ತು ಗೊತ್ತಾಯಿತು. ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮ್ಮ, "ಅದೇ ಆ ಬಳ್ಳಿ ನೀರು ಹೇಳ್ರೀ" ಅಂದರು. ಡಾಕ್ಟರ್ ಪೆನ್ನು ಕೆಳಗಿಟ್ಟರು.

ಆ ದಿನಗಳಲ್ಲಿ ಇಂಥವರು ಚಿಕ್ಕಪ್ಪ ಒಬ್ಬರೇ ಇರಲಿಲ್ಲ. 2021ರಲ್ಲಿ ಮುಂಬೈನ ವೈದ್ಯರು ಇಂಥ ಆರು ಜನರ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದು ನಿಜವಾದ ಅಮೃತಬಳ್ಳಿ ಇರಲಿಕ್ಕಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದಿತು. ಮರುವರ್ಷ ದೇಶದ 13 ಕಡೆಯ ಯಕೃತ್ತಿನ ತಜ್ಞರು ಸೇರಿ 43 ಜನರ ವಿವರ ಪ್ರಕಟಿಸಿದರು. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ ಅದು. ಬಳ್ಳಿ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಚಿಕ್ಕಪ್ಪನೂ ಎರಡು ತಿಂಗಳಲ್ಲಿ ಮೊದಲಿನಂತಾದರು.

ನನಗೆ ಇದರಲ್ಲಿ ವಿಚಿತ್ರ ಅನ್ನಿಸಿದ್ದು ಬೇರೆ. ಅಮೃತಬಳ್ಳಿ ಶರೀರದ ಶಕ್ತಿಯನ್ನು ಎಬ್ಬಿಸುತ್ತದೆ ಎಂದು ನಂಬಿಯೇ ಜನ ಕುಡಿದದ್ದು. ಅದು ನಿಜವೇ ಇರಬಹುದು. ಎಬ್ಬಿಸಿದ್ದು ಕೆಲವರಲ್ಲಿ ಎಲ್ಲಿ ಹೋಗಿ ಹೊಡೆಯಿತು ನೋಡಿ. ಏನೂ ಮಾಡದ ವಸ್ತು ಏನೂ ಕೆಡಿಸುವುದಿಲ್ಲ. ಸೈಡ್ ಎಫೆಕ್ಟ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯುವವರು ಅದರಲ್ಲಿ ಎಫೆಕ್ಟೇ ಇಲ್ಲ ಎಂದು ಒಪ್ಪಿಕೊಂಡ ಹಾಗೆ ನನಗೆ ಕೇಳಿಸುತ್ತದೆ. ಅಜ್ಜಿ ಅಮೃತಬಳ್ಳಿ ಕೊಡುತ್ತಿದ್ದದ್ದು ಜ್ವರ ಬಂದಾಗ, ಮೂರು ದಿನ. ಐದು ತಿಂಗಳು ಕುಡಿ ಎಂದು ಅವಳು ಯಾರಿಗೂ ಹೇಳಿದ್ದಿಲ್ಲ. ಅದನ್ನು ಹೇಳಿದ್ದು ವಾಟ್ಸ್‌ಆಪ್.

ಬಳ್ಳಿ ಯಾವುದು ಅನ್ನುವ ಜಗಳವೂ ಹುಸಿ ಅಲ್ಲ. ಗಿಡದ ಹೆಸರಿನ ಗೊಂದಲ ಈ ಇಡೀ ಕ್ಷೇತ್ರದ ದೊಡ್ಡ ತಲೆನೋವು. ಬ್ರಾಹ್ಮಿ ತಗೊಳ್ಳಿ. ನಮ್ಮ ಕಡೆ ಬ್ರಾಹ್ಮಿ ಅಂದರೆ ಒಂದೆಲಗ. ನೆಲದ ಮೇಲೆ ಹರಿಯುವ, ಗುಂಡು ಎಲೆಯ, ತಂಬುಳಿ ಮಾಡುವ ಸೊಪ್ಪು. ಇನ್ನೂ ಕೆಲವರಿಗೆ ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ. ದಪ್ಪ ಪುಟ್ಟ ಎಲೆ, ಗದ್ದೆಯ ಬದಿಯ ಕೆಸರಲ್ಲಿ ಬೆಳೆಯುವುದು. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ವಸ್ತುಗಳೂ ಬೇರೆ. ನೆನಪಿನ ಶಕ್ತಿಗೆ ಒಳ್ಳೆಯದು ಎಂದು ಪ್ರಯೋಗಗಳಲ್ಲಿ ಒಂದಿಷ್ಟು ಭರವಸೆ ತೋರಿಸಿದ್ದು ಹೆಚ್ಚಾಗಿ ನೀರುಬ್ರಾಹ್ಮಿ. ಅದನ್ನು ಓದಿದ ನಮ್ಮವರು ಮಕ್ಕಳಿಗೆ ತಿನ್ನಿಸುವುದು ಒಂದೆಲಗ. ತಂಬುಳಿ ರುಚಿ ಇರುತ್ತದೆ, ತಿನ್ನಲಿ ಬಿಡಿ. ಆದರೆ ಅಂಕ ಕಡಿಮೆ ಬಂದರೆ ಸೊಪ್ಪನ್ನು ಬೈಯುವ ಹಾಗಿಲ್ಲ.

ಅಶೋಕದ ತೊಗಟೆಯದು ಇನ್ನೂ ಬೇಸರದ ಕಥೆ. ಹೆಂಗಸರ ಮುಟ್ಟಿನ ತೊಂದರೆಗೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದದ್ದು ಕೆಂಪು ಹೂ ಬಿಡುವ ಸೀತಾ ಅಶೋಕ. ಗ್ರಂಧಿಗೆ ಅಂಗಡಿಯಲ್ಲಿ ಅಶೋಕ ಎಂದು ಸಿಗುವುದರಲ್ಲಿ ಶಾಲೆ, ಆಫೀಸುಗಳ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ನಿಲ್ಲುವ ಮರದ ತೊಗಟೆ ಬೆರೆತಿರುವುದು ಉಂಟು. ಅದನ್ನೂ ಜನ ಅಶೋಕ ಅಂತಲೇ ಕರೆಯುತ್ತಾರೆ. ಔಷಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಔಷಧ ಕೆಲಸ ಮಾಡಲಿಲ್ಲ ಎಂದು ಬೈಯುವ ಮುಂಚೆ, ಔಷಧ ಅದೇನಾ ಎಂದು ನೋಡಬೇಕು. ಒಣಗಿದ ತೊಗಟೆ ನೋಡಿ ಹೇಳಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೆ?

ಇನ್ನು ಕಾಮಾಲೆ. ಕಾಮಾಲೆಗೆ ಮದ್ದು ಕೊಡುವವರು ನಮ್ಮ ಕಡೆ ಊರಿಗೊಬ್ಬರು. ನೆಲನೆಲ್ಲಿ ಅರೆದು ಹಾಲಿನಲ್ಲಿ ಕಲಸಿ, ಬೆಳಗಿನ ಜಾವ, ಮೂರು ದಿನ, ಉಪ್ಪು ಹುಳಿ ಬಿಟ್ಟು. ಗುಣವಾದವರು ಎಷ್ಟೋ ಜನ. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಈ ಗಿಡದ ಹಿಂದೆ ಬಿದ್ದರು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರ ಜೊತೆಗಿದ್ದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವೈರಸ್ ಮೈಯಲ್ಲಿ ಬೀಡುಬಿಟ್ಟವರಿಗೆ 30 ದಿನ ಪುಡಿ ಕೊಟ್ಟಿದ್ದರು. ನೆಲನೆಲ್ಲಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಗಿತ್ತು. ಮದ್ದಿಲ್ಲದ ಸಪ್ಪೆ ಪುಡಿ ತಿಂದ 23 ಜನರಲ್ಲಿ ಒಬ್ಬರದು ಮಾತ್ರ. ಆ ಅಂಕಿ ಓದಿದಾಗ ನನಗೆ ರೋಮಾಂಚನವಾಯಿತು.

ಆಮೇಲೆ ಬೇರೆ ಬೇರೆ ಕಡೆಯವರು ಮಾಡಿ ನೋಡಿದರು. ಅಂಥ ಫಲಿತಾಂಶ ಮತ್ತೆ ಬರಲಿಲ್ಲ. ಗಿಡ ಬೇರೆಯೋ, ಮಣ್ಣು ಬೇರೆಯೋ, ಕಿತ್ತ ಕಾಲ ಬೇರೆಯೋ, ಅಥವಾ ಮೊದಲನೆಯದೇ ಅದೃಷ್ಟದ ಆಟವೋ. ಈ ನೆಲನೆಲ್ಲಿ ಜಾತಿಯಲ್ಲಿ ಒಂದನ್ನೊಂದು ಹೋಲುವ ಗಿಡಗಳು ಹಲವು ಇವೆ. ಅವುಗಳ ಹೆಸರೇ ಪುಸ್ತಕಗಳಲ್ಲಿ ಬಹಳ ಕಾಲ ಅದಲುಬದಲಾಗಿತ್ತು.

ಹಾಗಾದರೆ ನಮ್ಮೂರಲ್ಲಿ ಗುಣವಾದವರು? ಊರಲ್ಲಿ ಬರುವ ಕಾಮಾಲೆಯಲ್ಲಿ ಬಹಳಷ್ಟು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಸಾಮಾನ್ಯವಾಗಿ ಅದು ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಹೋಗುವ ಹೊತ್ತಿಗೆ ಬಾಯಲ್ಲಿ ಯಾವ ಸೊಪ್ಪು ಇತ್ತೋ ಆ ಸೊಪ್ಪಿಗೆ ಹೆಸರು. ನೆಗಡಿಯದೂ ಅದೇ ಕಥೆ. ಮದ್ದು ತಗೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಅಂತಾರಲ್ಲ. ಈ ಸಣ್ಣಪುಟ್ಟ ಕಾಯಿಲೆಗಳ ಮದ್ದನ್ನು ಪರೀಕ್ಷೆ ಮಾಡುವುದು ದೊಡ್ಡ ಕಾಯಿಲೆಗಿಂತ ಕಷ್ಟ ಯಾಕೆಂದರೆ, ಮದ್ದಿನ ಎದುರಾಳಿ ಕಾಯಿಲೆ ಒಂದೇ ಅಲ್ಲ. ತಾನಾಗೇ ವಾಸಿಯಾಗುವ ನಮ್ಮ ಮೈ ಕೂಡ ಪಂದ್ಯದಲ್ಲಿರುತ್ತದೆ.

ಅದಕ್ಕೇ ನನಗೆ ತುಂಬ ಇಷ್ಟವಾದದ್ದು ತಾನಾಗಿ ವಾಸಿಯಾಗದ, ಯಾರೂ ಬಾಯಿಬಿಟ್ಟು ಹೇಳದ ಒಂದು ಕಾಯಿಲೆಯ ಚಿಕಿತ್ಸೆ. ಭಗಂದರ. ಗುದದ್ವಾರದ ಪಕ್ಕದಲ್ಲಿ ಕುರು ಆಗಿ, ಒಡೆದು, ಒಳಗಿಂದ ಹೊರಗೆ ಒಂದು ಸುರಂಗವೇ ಉಳಿದುಬಿಡುತ್ತದೆ. ಕೀವು ಸುರಿಯುತ್ತಲೇ ಇರುತ್ತದೆ. ಕೂರುವ ಹಾಗಿಲ್ಲ, ಹೇಳುವ ಹಾಗಿಲ್ಲ. ಸುಶ್ರುತ ಇದನ್ನು ಎಂಟು ಮಹಾರೋಗಗಳಲ್ಲಿ ಸೇರಿಸಿದ್ದ. ಆಪರೇಷನ್ ಮಾಡಿದರೂ ಮತ್ತೆ ಬರುವ ಭಯ. ಜಾಸ್ತಿ ಕತ್ತರಿಸಿದರೆ ಮಲ ತಡೆಯುವ ಸ್ನಾಯುವಿಗೇ ಪೆಟ್ಟು.

ಇದಕ್ಕೆ ಹಳಬರ ಉಪಾಯ ಒಂದು ದಾರ. ಕ್ಷಾರಸೂತ್ರ. ಪರಿಚಯದ ವೈದ್ಯರೊಬ್ಬರು ಅದನ್ನು ತಯಾರಿಸುವ ಕೋಣೆ ತೋರಿಸಿದ್ದರು. ಗಾಜಿನ ಬಾಗಿಲಿನ ಬೀರು. ಒಳಗೆ ಚೌಕಟ್ಟುಗಳಿಗೆ ಬಿಗಿದ ಬಿಳಿ ದಾರಗಳು, ವೀಣೆಯ ತಂತಿ ಹಾಗೆ. ಮೊದಲು ಕಳ್ಳಿ ಹಾಲನ್ನು ಅರಿವೆ ತುಂಡಿನಿಂದ ದಾರಕ್ಕೆ ಸವರುತ್ತಾರೆ. ಒಣಗಲು ಬಿಡುತ್ತಾರೆ. ಮರುದಿನ ಮತ್ತೆ. ಹೀಗೆ 11 ಸಲ. ಆಮೇಲೆ ಕಳ್ಳಿ ಹಾಲು ಸವರಿ, ಹಸಿ ಇರುವಾಗಲೇ ಉತ್ತರಣೆಯ ಕ್ಷಾರದ ಪುಡಿ, 7 ಸಲ. ಕೊನೆಗೆ ಕಳ್ಳಿ ಹಾಲು ಮತ್ತು ಅರಿಶಿನ, 3 ಸಲ. ಒಟ್ಟು 21. ಉತ್ತರಣೆ ಅಂದರೆ ಹೊಲದ ಬದುವಿನಲ್ಲಿ ಪಂಚೆಗೆ ಅಂಟಿಕೊಳ್ಳುತ್ತದಲ್ಲ, ಅದೇ ಗಿಡ. ಅದನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಲ್ಲಿ ಕದಡಿ ಸೋಸಿ, ಆ ನೀರನ್ನು ಕುದಿಸಿ ಇಂಗಿಸಿದರೆ ತಳದಲ್ಲಿ ಕೂರುವುದು ಕ್ಷಾರ. ಮುಗಿದ ದಾರ ಒರಟಾಗಿ, ಹಳದಿಯಾಗಿ, ಸಣ್ಣ ಕಡ್ಡಿಯಷ್ಟು ಗಡುಸಾಗಿ ಇತ್ತು. ಬೆರಳಲ್ಲಿ ಮುಟ್ಟಬೇಡಿ ಅಂದರು.

ಈ ದಾರವನ್ನು ಆ ಸುರಂಗದೊಳಗೆ ತೂರಿಸಿ ಎರಡೂ ತುದಿ ಸೇರಿಸಿ ಗಂಟು ಹಾಕುತ್ತಾರೆ. ಕ್ಷಾರ ನಿಧಾನವಾಗಿ ಕೊಯ್ಯುತ್ತದೆ. ಕೊಯ್ದ ಹಿಂದೆಯೇ ಗಾಯ ಕೂಡುತ್ತಾ ಬರುತ್ತದೆ. ವಾರಕ್ಕೊಮ್ಮೆ ಹೊಸ ದಾರವನ್ನು ಹಳೆಯದರ ತುದಿಗೆ ಕಟ್ಟಿ ಎಳೆದರೆ ಹಳೆಯದು ಆಚೆ, ಹೊಸದು ಒಳಗೆ. ವಾರಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ರೋಗಿ ಮನೆಗೆ ಹೋಗಿ ಕೆಲಸ ಮಾಡಿಕೊಂಡಿರಬಹುದು.

1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಹಳೇ ಗ್ರಂಥದಿಂದ ಇದನ್ನು ಹೊರತೆಗೆದು ಮತ್ತೆ ರೂಢಿಗೆ ತಂದರು. ಆಮೇಲೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಇದನ್ನು ನೇರವಾಗಿ ಆಪರೇಷನ್ನಿನ ಎದುರು ಪಂದ್ಯಕ್ಕಿಟ್ಟಿತು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಹಂಚಿ, ಹಲವು ಆಸ್ಪತ್ರೆಗಳಲ್ಲಿ. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ದಾರ ಕಟ್ಟಿದವರಿಗೆ ವಾಸಿಯಾಗಲು 8 ವಾರ ಬೇಕಾಯಿತು, ಆಪರೇಷನ್ ಆದವರಿಗೆ 4 ವಾರ. ಮತ್ತೆ ಮರುಕಳಿಸಿದ್ದು ದಾರದವರಲ್ಲಿ ಶೇ. 4, ಆಪರೇಷನ್‌ನವರಲ್ಲಿ ಶೇ. 11. ಎಷ್ಟು ಚೆಂದದ ಉತ್ತರ ನೋಡಿ. ಇದು ಮೇಲು, ಅದು ಕೀಳು ಅಂತಲ್ಲ. ನಿಧಾನ ಆದರೂ ಪರವಾಗಿಲ್ಲ, ಮತ್ತೆ ಬರಬಾರದು ಅನ್ನುವವನಿಗೆ ಒಂದು, ಬೇಗ ಮುಗಿಯಲಿ ಅನ್ನುವವನಿಗೆ ಇನ್ನೊಂದು. ಆಯುರ್ವೇದ ಶ್ರೇಷ್ಠ ಎಂದು ಭಾಷಣ ಮಾಡುವವರ ಬಾಯಲ್ಲಿ ಈ ದಾರದ ಸುದ್ದಿ ಬರುವುದು ಕಡಿಮೆ. ಗುದದ್ವಾರದ ವಿಷಯ ವೇದಿಕೆಗೆ ಹೊಂದುವುದಿಲ್ಲವೇನೋ.

ಪ್ರತಿ ರೋಗಿಯ ಪ್ರಕೃತಿ ಬೇರೆ, ಔಷಧವೂ ಬೇರೆ, ಹಾಗಾಗಿ ನಿಮ್ಮ ಆಧುನಿಕ ಪರೀಕ್ಷೆ ಆಯುರ್ವೇದಕ್ಕೆ ಒಗ್ಗುವುದಿಲ್ಲ ಎಂದು ಕೆಲವು ವೈದ್ಯರು ವಾದಿಸುತ್ತಾರೆ. ನಾನೂ ಬಹಳ ದಿನ ಹೌದೇನೋ ಅಂದುಕೊಂಡಿದ್ದೆ. ಆದರೆ ಕೊಯಮತ್ತೂರಿನಲ್ಲಿ ಸಂಧಿವಾತಕ್ಕೆ ಹಾಗೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ದಾರೆ. ವೈದ್ಯರು ಒಬ್ಬೊಬ್ಬರನ್ನೂ ನೋಡಿ ತಮಗೆ ಸರಿ ಕಂಡ ಔಷಧ ಬರೆದರು. ಕೆಲವರಿಗೆ ಅದು ಅಸಲಿ, ಕೆಲವರಿಗೆ ಅದೇ ರುಚಿ ಬಣ್ಣದ ನಕಲಿ. ಇಂಗ್ಲಿಷ್ ಔಷಧ ಮೆಥೊಟ್ರೆಕ್ಸೇಟ್‌ನದೂ ಹಾಗೇ. ಯಾರಿಗೆ ಯಾವುದು ಸಿಕ್ಕಿದೆ ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಇದ್ದದ್ದು 43 ಜನ ಮಾತ್ರ, ಹಾಗಾಗಿ ದೊಡ್ಡ ತೀರ್ಪು ಕೊಡೋಕೆ ಆಗಲ್ಲ. ಗುಂಪುಗಳು ಸುಮಾರು ಸರಿಸಮ ಬಂದವು. ಮಾಡೋಕೆ ಬರುತ್ತದೆ ಅನ್ನುವುದಂತೂ ಗೊತ್ತಾಯಿತಲ್ಲ. ಮಾಡುವ ಅಗತ್ಯ ಯಾರಿಗೂ ಇಲ್ಲ ಅನ್ನುವುದೇ ಗೋಳು. ಕಾನೂನಿನ ಪಟ್ಟಿಯಲ್ಲಿರುವ ಹಳೇ ಗ್ರಂಥದಲ್ಲಿ ಹೇಳಿದ ಔಷಧವನ್ನು ಅದೇ ರೀತಿ ಮಾಡಿ ಮಾರುವುದಕ್ಕೆ ಹೊಸದಾಗಿ ರೋಗಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕಿಲ್ಲ.

ಅದೇ ಗ್ರಂಥದ ರೀತಿ ಅಂದರೂ, ಅದನ್ನು ಪಾಲಿಸುವವರು ಯಾರು? ಕಷಾಯಕ್ಕೆ ಶಾರ್ಙ್ಗಧರ ಹೇಳಿದ ಲೆಕ್ಕ ಒಂದು ಪಾಲು ಮೂಲಿಕೆಗೆ ಹದಿನಾರು ಪಾಲು ನೀರು. ಮಣ್ಣಿನ ಪಾತ್ರೆಯಲ್ಲಿ ಕುದಿಸಿ ಎಂಟನೇ ಒಂದು ಪಾಲಿಗೆ ಇಳಿಸಬೇಕು. ಒಂದು ಭಾನುವಾರ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಮಾಡಿದೆ. 50 ಗ್ರಾಂ ಮೂಲಿಕೆ, 800 ಮಿಲಿಲೀಟರ್ ನೀರು. 100ಕ್ಕೆ ಇಳಿಯಬೇಕು. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಹಿಡಿಯಿತು. ನಾವು ಮಾಡುವುದು ಒಂದು ಚೂರು ಶುಂಠಿ, ಎರಡು ಎಲೆ, ಐದು ನಿಮಿಷದ ಕುದಿ. ಅದನ್ನೂ ಕಷಾಯ ಅಂತೀವಿ, ಇದನ್ನೂ ಕಷಾಯ ಅಂತೀವಿ. ಗಂಟಲಿಗೆ ಬಿಸಿ ನೀರು ಹಿತ, ಅದು ಸಾಕು ಅನ್ನುವುದಾದರೆ ನನ್ನ ತಕರಾರಿಲ್ಲ. ಕೆಮ್ಮಿನ ಆ ಮೂರು ವಾರ ನಾನೂ ಅದನ್ನೇ ಕುಡಿದೆ. ಒಂದು ದಿನವೂ ಬೇಗ ವಾಸಿಯಾಗಲಿಲ್ಲ. ಹೆಚ್ಚಿನ ರಾತ್ರಿ ನಿದ್ದೆ ಮಾತ್ರ ಚೆನ್ನಾಗಿ ಬಂತು.

ಲೋಹ, ಖನಿಜಗಳನ್ನು ಸುಟ್ಟು ಮಾಡುವ ಭಸ್ಮಗಳ ವಿಷಯಕ್ಕೆ ನಾನು ಹೆಚ್ಚು ಹೋಗಿಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಶುದ್ಧಿ ಮಾಡಿದ ಪಾದರಸ ವಿಷವಲ್ಲ ಎನ್ನುವವರ ಜೊತೆ ವಾದ ಮಾಡುವಷ್ಟು ಓದು ನನಗಿಲ್ಲ. ಮನೆಗೆ ಅಂಥದ್ದನ್ನು ತರುವುದಿಲ್ಲ, ಅಷ್ಟೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದನ್ನೂ ನಿಲ್ಲಿಸಿದ್ದೇವೆ. ಅಪರೂಪಕ್ಕಾದರೂ ಜೀವಕ್ಕೇ ಕುತ್ತು ತರುವ ಬಾಟುಲಿಸಂ ಎಂಬ ಕಾಯಿಲೆ ಅದರಿಂದ ಬರಬಹುದು.

ಉಳಿಸಿಕೊಂಡದ್ದೂ ಇದೆ. ತಾಮ್ರದ ಬಿಂದಿಗೆ. ನಾಟಿ ವೈದ್ಯದ ಬಗ್ಗೆ ಕೆಲಸ ಮಾಡುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯವರು ಭೇದಿ, ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ನೀರಿಗೆ ಬಿಟ್ಟು, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಒಂದೂ ಬದುಕಲಿಲ್ಲ. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆ. 2012ರಲ್ಲಿ ಇದು ಪ್ರಕಟವಾಯಿತು. ಇದಕ್ಕೂ ಅಳತೆ ಇದೆ ನೋಡಿ, 16 ಗಂಟೆ. ಬಾಟಲಿಗೆ ನೀರು ತುಂಬಿಸಿ ಅರ್ಧ ಗಂಟೆಗೆ ಕುಡಿದರೆ ತಾಮ್ರದ ಹೊಳಪು ಮಾತ್ರ ಲಾಭ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಮರುದಿನ ಅವರಿಗೆ ಬಿ.ಪಿ. ತೋರಿಸಲು ಹೋಗಬೇಕಿತ್ತು. ಯಕೃತ್ತಿನ ಗಲಾಟೆ ಆದಮೇಲೆ ನಾನು ಅವರಿಗೆ ಒಂದು ಕೆಲಸ ಹಚ್ಚಿದ್ದೇನೆ. ತಿನ್ನುವ ಮಾತ್ರೆ, ಕುಡಿಯುವ ಕಷಾಯ, ನೆಕ್ಕುವ ಲೇಹ್ಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಮುಂದೆ ಇಡಬೇಕು ಅಂತ. ಬಹಳ ಶ್ರದ್ಧೆಯಿಂದ ಬರೆಯುತ್ತಾರೆ.

"ಬಿ.ಪಿ. ಮಾತ್ರೆ ಬರೆದೆ, ತ್ರಿಫಲಾ ಬರೆದೆ, ಮೆಂತ್ಯೆ ನೀರು ಬರೆದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅಲ್ಲ, ಈ ಒಂದೆಲಗದ ತಂಬುಳಿ ಬರೀಬೇಕಾ? ಅದು ಊಟ ಅಲ್ವಾ?"

ಏನು ಹೇಳುವುದು ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

"ವಾರಕ್ಕೆ ಎಷ್ಟು ದಿನ ಮಾಡ್ತಾರೆ ಚಿಕ್ಕಮ್ಮ?"

"ದಿನಾ."

"ಬರೀರಿ ಚಿಕ್ಕಪ್ಪ" ಅಂದೆ.